ಚರ್ಮದ ಕ್ಯಾನ್ಸರ್ ಮತ್ತು ಸೆಲೆನಿಯಂ ಗುಳಿಗೆ: ನುಂಗುವ ಮೊದಲು ಪರಿಶೀಲಿಸುವ ಬಗೆ

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಲ್ಲಿ ಹೋದರೂ ಗಲ್ಫಿನಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ನೆರೆಕರೆ ಸಿಗುವುದು ಕಷ್ಟ. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಖರ್ಜೂರ, ಹಾಲಿನ ಪುಡಿ, ನೋವಿನ ಎಣ್ಣೆಗಳ ಜೊತೆಗೆ ಈಚೆಗೆ ವಿಟಮಿನ್ ಮತ್ತು ಖನಿಜಗಳ ಗುಳಿಗೆ ಡಬ್ಬಿಗಳೂ ಇರುತ್ತವೆ. ಅವು ಮನೆಯ ಹಿರಿಯರಿಗೆಂದು ಬಂದು, ಅಲ್ಲಿಂದ ನೆಂಟರಿಗೂ ಹಂಚಿಹೋಗುತ್ತವೆ. ಸೆಲೆನಿಯಂ ಅಂತಹ ಒಂದು ಖನಿಜ. ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಬೇಕಾಗುವ ಈ ವಸ್ತು ಚರ್ಮದ ಕ್ಯಾನ್ಸರನ್ನು ತಡೆಯುತ್ತದೆ, ಬಂದುದರ ಬೆಳವಣಿಗೆಯನ್ನು ನಿಲ್ಲಿಸುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ನೆನಪು ಇನ್ನೂ ಮಾಸದ ಎಣ್ಮಕಜೆ, ಬೆಳ್ಳೂರು, ಮುಳಿಯಾರುಗಳಂತಹ ಪಂಚಾಯತುಗಳಲ್ಲಿ ಕ್ಯಾನ್ಸರ್ ತಡೆಯುವ ಗುಳಿಗೆ ಎಂದರೆ ಜನ ಕಿವಿಗೊಡುವುದು ಸಹಜವೇ ಆಗಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಒಮ್ಮೆ ಚರ್ಮದ ಕ್ಯಾನ್ಸರ್ ಬಂದು ವಾಸಿಯಾದವರು ಅದು ಮರುಕಳಿಸದಿರಲಿ ಎಂದು ಸೆಲೆನಿಯಂ ಗುಳಿಗೆ ತೆಗೆದುಕೊಳ್ಳಬಾರದು. ಆದರೆ ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ವೈದ್ಯಕೀಯ ಪದವಿ ಇಲ್ಲದವರೂ ಇಂತಹ ಒಂದು ಹೇಳಿಕೆಯನ್ನು ಹೇಗೆ ಒರೆಗೆ ಹಚ್ಚಿ ನೋಡಬಹುದು, ಡಬ್ಬಿಯ ಚೀಟಿಯನ್ನು ಹೇಗೆ ಓದಬೇಕು, ಈಗಾಗಲೇ ನುಂಗುತ್ತಿರುವವರು ಏನು ಮಾಡಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ.

ಯಾವ ಕ್ಯಾನ್ಸರ್ ಎಂಬುದನ್ನು ಮೊದಲು ಕೇಳಿ

ಚರ್ಮದ ಕ್ಯಾನ್ಸರ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆಬೇರೆ ಕಾಯಿಲೆಗಳಿವೆ. ಬೇಸಲ್ ಸೆಲ್ ಕಾರ್ಸಿನೋಮ ನಿಧಾನವಾಗಿ ಬೆಳೆಯುತ್ತದೆ ಮತ್ತು ಬೇರೆ ಅಂಗಗಳಿಗೆ ಹರಡುವುದು ತೀರಾ ಅಪರೂಪ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅದಕ್ಕಿಂತ ಹೆಚ್ಚು ಅಪಾಯಕಾರಿಯಾಗಿದ್ದು, ನಮ್ಮಲ್ಲಿ ಹಳೆಯ ಸುಟ್ಟಗಾಯದ ಕಲೆಯ ಮೇಲೆ ಅಥವಾ ವರ್ಷಗಟ್ಟಲೆ ಮಾಯದ ಹುಣ್ಣಿನ ಅಂಚಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಮೂರನೆಯದು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಂದ ಹುಟ್ಟುವ ಮೆಲನೋಮ. ಇದು ಬೇಗ ಹರಡುತ್ತದೆ. ಬಿಳಿ ಚರ್ಮದವರಲ್ಲಿ ಮೆಲನೋಮ ಹೆಚ್ಚಾಗಿ ಬಿಸಿಲಿಗೆ ಒಡ್ಡಿದ ಭಾಗಗಳಲ್ಲಿ ಬಂದರೆ, ಕಂದು ಮತ್ತು ಕಪ್ಪು ಚರ್ಮದವರಲ್ಲಿ ಅಂಗಾಲು, ಅಂಗೈ, ಉಗುರಿನ ಅಡಿ ಇಂತಹ ಕಡೆಗಳಲ್ಲಿ ಬರುವುದೇ ಹೆಚ್ಚು, ಮತ್ತು ಅದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ. ಆದ್ದರಿಂದ ಯಾರಾದರೂ ಗುಳಿಗೆಯಿಂದ ಚರ್ಮದ ಕ್ಯಾನ್ಸರ್ ತಗ್ಗಿತು ಎಂದಾಗ ಈ ಮೂರರಲ್ಲಿ ಯಾವುದು, ಯಾರ ಚರ್ಮದಲ್ಲಿ ಎಂದು ಕೇಳಬೇಕು. ಈ ಉತ್ತರವಿಲ್ಲದೆ ಮುಂದಿನ ಮಾತಿಗೆ ಅರ್ಥವಿಲ್ಲ.

ಆಶೆ ಹುಟ್ಟಿದ್ದು ಎಲ್ಲಿಂದ

ಸೆಲೆನಿಯಂ ಕುರಿತ ನಿರೀಕ್ಷೆ ಆಧಾರವಿಲ್ಲದೆ ಹುಟ್ಟಿದ್ದಲ್ಲ ಎಂಬುದನ್ನು ಒಪ್ಪಲೇಬೇಕು. ಬಿಸಿಲಿನ ಅತಿನೇರಳೆ ಕಿರಣಗಳು ಚರ್ಮದ ಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡಿನಂತಹ ತೀಕ್ಷ್ಣ ವಸ್ತುಗಳನ್ನು ಉಂಟುಮಾಡುತ್ತವೆ. ಅವು ಕೋಶದ ಡಿಎನ್‌ಎಯನ್ನು ಕೆಡಿಸಬಲ್ಲವು. ಈ ಪೆರಾಕ್ಸೈಡನ್ನು ನಿರಪಾಯಗೊಳಿಸುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಒಳಗೆ ಸೆಲೆನಿಯಂ ಇದೆ ಎಂಬುದು 1973ರಲ್ಲಿ ಗೊತ್ತಾಯಿತು. ಮನುಷ್ಯನ ದೇಹದಲ್ಲಿ ಸೆಲೆನಿಯಂ ಸೇರಿಸಿಕೊಂಡು ತಯಾರಾಗುವ ಪ್ರೋಟೀನುಗಳಿಗೆ ಸಂಬಂಧಿಸಿದ 25 ಜೀನುಗಳಿವೆ. ಅತಿನೇರಳೆ ಕಿರಣಕ್ಕೆ ಒಡ್ಡಿದ ಇಲಿಗಳ ಚರ್ಮಕ್ಕೆ ಸೆಲೆನಿಯಂ ಸಂಯುಕ್ತವೊಂದನ್ನು ಲೇಪಿಸಿದಾಗ ಗಡ್ಡೆಗಳು ಕಡಿಮೆಯಾದುದನ್ನು 1992ರ ಒಂದು ಅಧ್ಯಯನ ತೋರಿಸಿತು.

ಆದರೆ ಇಲ್ಲಿಯೇ ಒಂದು ತೊಡಕಿದೆ. ರಕ್ಷಣೆ ಬೇಕಾಗಿರುವುದು ಆರೋಗ್ಯವಂತ ಕೋಶಕ್ಕೆ ಮಾತ್ರವಲ್ಲ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶವೂ ತನ್ನೊಳಗೆ ಅಂತಹ ತೀಕ್ಷ್ಣ ವಸ್ತುಗಳನ್ನು ಹೇರಳವಾಗಿ ಉತ್ಪಾದಿಸಿಕೊಳ್ಳುತ್ತದೆ, ಅವುಗಳಿಂದ ಸಾಯದಿರಲು ಅದಕ್ಕೂ ಇದೇ ಕಿಣ್ವಗಳ ಆಸರೆ ಬೇಕಾಗುತ್ತದೆ. 2015ರಲ್ಲಿ ಸ್ವೀಡನ್ ಮತ್ತು ಅಮೆರಿಕಗಳಿಂದ ಪ್ರಕಟವಾದ ಇಲಿಗಳ ಎರಡು ಅಧ್ಯಯನಗಳಲ್ಲಿ ಉತ್ಕರ್ಷಣ ನಿರೋಧಕವೊಂದನ್ನು, ಅಂದರೆ ಆಂಟಿಆಕ್ಸಿಡೆಂಟನ್ನು, ಕೊಟ್ಟಾಗ ಮೆಲನೋಮ ಬೇರೆ ಅಂಗಗಳಿಗೆ ಹರಡುವುದು ಹೆಚ್ಚಿತು. ಅಲ್ಲಿ ಬಳಸಿದ್ದು ಎನ್‌-ಅಸಿಟೈಲ್‌ಸಿಸ್ಟೀನ್, ಸೆಲೆನಿಯಂ ಅಲ್ಲ. ಹಾಗಾಗಿ ಅದನ್ನೇ ಸೆಲೆನಿಯಂ ವಿರುದ್ಧದ ಸಾಕ್ಷ್ಯವೆಂದು ಎತ್ತಿಹಿಡಿಯುವುದು ಸರಿಯಾಗದು. ಆಂಟಿಆಕ್ಸಿಡೆಂಟ್ ಎಂಬ ಪದವನ್ನು ಡಬ್ಬಿಯ ಮೇಲೆ ಕಂಡ ಕೂಡಲೇ ಅದು ಕ್ಯಾನ್ಸರಿಗೆ ಶತ್ರುವೆಂದು ತೀರ್ಮಾನಿಸಬಾರದು ಎಂಬಷ್ಟನ್ನು ಮಾತ್ರ ಅವು ಕಲಿಸುತ್ತವೆ.

ಮನುಷ್ಯರ ಮೇಲಿನ ಪರೀಕ್ಷೆಯನ್ನು ಓದುವ ರೀತಿ

ಕೋಶ ಮತ್ತು ಇಲಿಗಳ ಹಂತ ದಾಟಿದ ಮೇಲೆ ನಿಜವಾದ ಪರೀಕ್ಷೆ ಮನುಷ್ಯರಲ್ಲಿ ನಡೆಯಬೇಕು. ಸೆಲೆನಿಯಂ ಮಟ್ಟಿಗೆ ಅದೃಷ್ಟವಶಾತ್ ಅಂತಹ ಒಂದು ಒಳ್ಳೆಯ ಪರೀಕ್ಷೆ ನಡೆದಿದೆ. ಅಮೆರಿಕದ ಪೂರ್ವ ಭಾಗದಲ್ಲಿ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆಯಿರುವ ಪ್ರದೇಶಗಳನ್ನು ಆರಿಸಿಕೊಂಡು, ಏಳು ಚರ್ಮರೋಗ ಚಿಕಿತ್ಸಾಲಯಗಳ ಮೂಲಕ 1983ರಲ್ಲಿ ಆರಂಭಿಸಿದ ಈ ಪರೀಕ್ಷೆಯಲ್ಲಿ, ಈ ಹಿಂದೆ ಬೇಸಲ್ ಅಥವಾ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಬಂದಿದ್ದ 1,312 ಜನ ಪಾಲ್ಗೊಂಡರು. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಅವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಇರುವ ಯೀಸ್ಟ್ ಗುಳಿಗೆಯನ್ನೂ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಖಾಲಿ ಗುಳಿಗೆಯನ್ನೂ ಕೊಡಲಾಯಿತು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ಲ್ಯಾರಿ ಕ್ಲಾರ್ಕ್ ಮುಂದಾಳುತನದ ಈ ಕೆಲಸದ ಫಲಿತಾಂಶ 1996ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

ಓದುಗರು ಎಡವುವುದು ಈ ಫಲಿತಾಂಶದಲ್ಲಿಯೇ. ಪರೀಕ್ಷೆಯನ್ನು ಯಾವ ಪ್ರಶ್ನೆಗಾಗಿ ಕೈಗೊಂಡಿದ್ದರೋ ಆ ಪ್ರಶ್ನೆಗೆ, ಅಂದರೆ ಚರ್ಮದ ಕ್ಯಾನ್ಸರ್ ಮತ್ತೆ ಬರುವುದು ತಗ್ಗುತ್ತದೆಯೇ ಎಂಬುದಕ್ಕೆ, ಸಿಕ್ಕಿದ ಉತ್ತರ ಇಲ್ಲ ಎಂದಾಗಿತ್ತು. ಆದರೆ ಜೊತೆಗೆ ಲೆಕ್ಕ ಹಾಕಿದ ಇತರ ವಿಷಯಗಳಲ್ಲಿ, ಸೆಲೆನಿಯಂ ಪಡೆದವರಲ್ಲಿ ಪ್ರಾಸ್ಟೇಟ್, ಶ್ವಾಸಕೋಶ, ದೊಡ್ಡ ಕರುಳಿನ ಕ್ಯಾನ್ಸರುಗಳು ಕಡಿಮೆಯಿದ್ದವು. ಸುದ್ದಿಯಾದದ್ದು ಈ ಎರಡನೆಯ ಭಾಗ. ಗುಳಿಗೆ ಮಾರುವವರು ಇಂದಿಗೂ ಎತ್ತಿ ಹೇಳುವುದು ಅದನ್ನೇ. ಒಂದು ಪರೀಕ್ಷೆಯ ವರದಿ ಕೈಗೆ ಬಂದಾಗ ಇದು ಆರಂಭದಲ್ಲೇ ಕೇಳಿದ ಪ್ರಶ್ನೆಯೋ, ಆಮೇಲೆ ಕಣ್ಣಿಗೆ ಬಿದ್ದ ಸಂಗತಿಯೋ ಎಂದು ಬೇರ್ಪಡಿಸಿ ನೋಡುವುದು ಬಹಳ ಮುಖ್ಯ. ಏಕೆಂದರೆ ಹತ್ತಾರು ಸಂಗತಿಗಳನ್ನು ಲೆಕ್ಕ ಹಾಕಿದರೆ ಕೇವಲ ಆಕಸ್ಮಿಕವಾಗಿಯೇ ಒಂದೆರಡು ಅನುಕೂಲಕರವಾಗಿ ಕಾಣುವ ಸಾಧ್ಯತೆ ಇದೆ. ಹಾಗೆ ಕಂಡದ್ದು ನಿಜವೇ ಎಂದು ತಿಳಿಯಲು ಮತ್ತೊಂದು ಪರೀಕ್ಷೆ ಬೇಕು. ಪ್ರಾಸ್ಟೇಟ್ ಕ್ಯಾನ್ಸರಿನ ಮಟ್ಟಿಗೆ ಅದೂ ನಡೆಯಿತು: 2001ರಲ್ಲಿ ಆರಂಭವಾಗಿ 35,533 ಪುರುಷರನ್ನು ಒಳಗೊಂಡ ಸೆಲೆಕ್ಟ್ ಎಂಬ ಪರೀಕ್ಷೆಯಲ್ಲಿ ಸೆಲೆನಿಯಂನಿಂದ ಯಾವ ಲಾಭವೂ ಕಾಣದೆ, 2008ರಲ್ಲಿ ಗುಳಿಗೆ ಕೊಡುವುದನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಮೊದಲ ಪರೀಕ್ಷೆಯ ಕಥೆ 1996ಕ್ಕೆ ಮುಗಿಯಲಿಲ್ಲ ಎಂಬುದನ್ನು ಗಮನಿಸಬೇಕು. ಗುಳಿಗೆ ಕೊಟ್ಟ ಪೂರ್ತಿ ಅವಧಿಯ ಮಾಹಿತಿಯನ್ನು ಸೇರಿಸಿ ಮತ್ತೆ ಲೆಕ್ಕ ಮಾಡಿದ ವರದಿ 2003ರಲ್ಲಿ ಬಂತು. ಅದರ ಪ್ರಕಾರ ಸೆಲೆನಿಯಂ ತೆಗೆದುಕೊಂಡವರಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮದ ಸಂಭವ ಶೇ. 25ರಷ್ಟು ಹೆಚ್ಚಾಗಿತ್ತು, ಮೆಲನೋಮವನ್ನು ಬಿಟ್ಟು ಉಳಿದ ಚರ್ಮದ ಕ್ಯಾನ್ಸರುಗಳನ್ನು ಒಟ್ಟಾಗಿ ನೋಡಿದರೆ ಶೇ. 17ರಷ್ಟು ಹೆಚ್ಚು. ಕಡಿಮೆ ಮಾಡಬೇಕೆಂದು ಕೊಟ್ಟ ಗುಳಿಗೆಯೇ ಹೆಚ್ಚು ಮಾಡಿತ್ತು. ಈ ಹೆಚ್ಚಳ ಆರಂಭದಲ್ಲೇ ರಕ್ತದಲ್ಲಿ ಸೆಲೆನಿಯಂ ಸಾಕಷ್ಟಿದ್ದವರಲ್ಲಿ ಕಂಡುಬಂದಿತು. ಅದೇ ಜನರ ಮಾಹಿತಿಯನ್ನು 2007ರಲ್ಲಿ ಇನ್ನೊಂದು ದೃಷ್ಟಿಯಿಂದ ಪರಿಶೀಲಿಸಿದಾಗ, ಗುಳಿಗೆ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚಿದ್ದುದು ಕಂಡಿತು. ಮೂತ್ರಪಿಂಡವೇ ಮೊದಲಾದ ಅಂಗಗಳನ್ನು ಕಸಿ ಮಾಡಿಸಿಕೊಂಡವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚು. ಅವರಿಗೆ ಸೆಲೆನಿಯಂ ಕೊಟ್ಟು ನೋಡಿದ ಫ್ರಾನ್ಸಿನ ಪರೀಕ್ಷೆಯೊಂದರಲ್ಲಿಯೂ ಪ್ರಯೋಜನ ಕಾಣಲಿಲ್ಲ.

ಸಾಕಷ್ಟಿದ್ದವರಿಗೆ ಮತ್ತೂ ಕೊಟ್ಟರೆ ಕೆಡುಕಾಗುವುದನ್ನು ಅಡಿಕೆ ಬೆಳೆಯುವವರಿಗೆ ವಿವರಿಸುವುದು ಕಷ್ಟವಲ್ಲ. ಬೋರಾನ್ ಕೊರತೆಯಿಂದ ಸುಳಿ ಮುರುಟಿದ ಮರಕ್ಕೆ ಬುಡಕ್ಕೆ ಹಾಕಿದ ಕೆಲವೇ ಗ್ರಾಂ ಬೋರಾಕ್ಸ್ ಜೀವ ತುಂಬುತ್ತದೆ, ಕೊರತೆಯೇ ಇಲ್ಲದ ಮರಕ್ಕೆ ಅದನ್ನೇ ಸುರಿದರೆ ಸೋಗೆಯ ತುದಿ ಸುಟ್ಟುಹೋಗುತ್ತದೆ. ಸೆಲೆನಿಯಂ ತೀರಾ ಕಡಿಮೆಯಿರುವ ಚೀನಾದ ಕೆಲವು ಭಾಗಗಳಲ್ಲಿ ಕೇಶಾನ್ ಎಂಬ ಹೃದಯದ ಸ್ನಾಯುವಿನ ಕಾಯಿಲೆ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು, ಅಲ್ಲಿ ಸೆಲೆನಿಯಂ ಕೊಟ್ಟದ್ದು ನಿಜಕ್ಕೂ ಜೀವ ಉಳಿಸಿತು. ಇನ್ನೊಂದೆಡೆ ನಮ್ಮದೇ ಪಂಜಾಬಿನ ನವಾಂಶಹರ್ ಮತ್ತು ಹೋಶಿಯಾರ್‌ಪುರದ ಕೆಲವು ಹಳ್ಳಿಗಳ ಮಣ್ಣಿನಲ್ಲಿ ಅದು ಅತಿಯಾಗಿ ಸೇರಿಕೊಂಡು, ಅಲ್ಲಿ ಬೆಳೆದ ಮೇವು ತಿಂದ ದನಗಳ ಗೊರಸು ಕಳಚುವ ಮಟ್ಟಕ್ಕೆ ಹೋಗಿದೆ. ಹಾಗಾಗಿ ಯಾವ ಪರೀಕ್ಷೆಯ ಬಗ್ಗೆ ಓದಿದರೂ, ಪಾಲ್ಗೊಂಡವರಲ್ಲಿ ಆ ಖನಿಜ ಆರಂಭದಲ್ಲಿ ಎಷ್ಟಿತ್ತು ಎಂಬುದನ್ನು ಹುಡುಕಿ.

ಡಬ್ಬಿಯ ಚೀಟಿಯನ್ನು ಓದುವುದು

ಈಗ ಮನೆಯಲ್ಲಿರುವ ಡಬ್ಬಿಯನ್ನು ಬೆಳಕಿಗೆ ಹಿಡಿಯಿರಿ. ಬೇಕಾದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿ, ಏಕೆಂದರೆ ಬೇಕಾದ ಸಂಗತಿಯನ್ನು ಅತ್ಯಂತ ಸಣ್ಣ ಅಕ್ಷರದಲ್ಲಿ ಹಿಂಬದಿಯಲ್ಲಿ ಮುದ್ರಿಸುವುದು ವಾಡಿಕೆ. ಮೊದಲು ಅಳತೆಯ ಗುರುತನ್ನು ನೋಡಬೇಕು. ಸೆಲೆನಿಯಂ ಪ್ರಮಾಣವನ್ನು ಮೈಕ್ರೋಗ್ರಾಂನಲ್ಲಿ ಹೇಳುತ್ತಾರೆ. ಚೀಟಿಯಲ್ಲಿ ಅದು ಎಂಸಿಜಿ ಎಂದೋ, ಗ್ರೀಕಿನ ಮ್ಯೂ ಅಕ್ಷರದ ಮುಂದೆ ಜಿ ಎಂದೋ ಇರುತ್ತದೆ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಎಂಸಿಜಿಯನ್ನು ಎಂಜಿ ಎಂದು ತಪ್ಪಾಗಿ ಓದಿದರೆ ಲೆಕ್ಕ ಸಾವಿರ ಪಟ್ಟು ಬುಡಮೇಲಾಗುತ್ತದೆ.

ಅನಂತರ ಪ್ರಮಾಣ. ಭಾರತದ ಪೌಷ್ಟಿಕಾಂಶ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಬೇಕಾದದ್ದು 40 ಮೈಕ್ರೋಗ್ರಾಂ, ಅಮೆರಿಕದ ಲೆಕ್ಕದಲ್ಲಿ 55. ವಿದೇಶದಿಂದ ಬರುವ ಡಬ್ಬಿಗಳಲ್ಲಿ ಒಂದು ಗುಳಿಗೆಗೆ 200 ಮೈಕ್ರೋಗ್ರಾಂ ಇರುವುದು ಸಾಮಾನ್ಯ. ಪಕ್ಕದ ಸಾಲಿನಲ್ಲಿ ದಿನದ ಅಗತ್ಯದ ಶೇ. 364 ಎಂದು ಬರೆದಿರುವುದನ್ನು ಕಂಡು ಗುಳಿಗೆ ಗಟ್ಟಿಯಾಗಿದೆ ಎಂದು ಸಮಾಧಾನಪಡುವವರಿದ್ದಾರೆ. ಅದು ಬೇಕಾದುದರ ಮೂರೂವರೆ ಪಟ್ಟಿಗೂ ಮಿಕ್ಕಿದೆ ಎಂಬುದೇ ಅದರ ಅರ್ಥ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಸ್ಕ್ವಾಮಸ್ ಸೆಲ್ ಕ್ಯಾನ್ಸರನ್ನು ಹೆಚ್ಚಿಸಿದ್ದು ಇದೇ 200 ಮೈಕ್ರೋಗ್ರಾಂ.

ಸೆಲೆನಿಯಂ ಯಾವ ರೂಪದಲ್ಲಿದೆ ಎಂಬುದನ್ನೂ ನೋಡಬೇಕು. ಸೆಲೆನೋಮಿಥಿಯೋನಿನ್, ಸೆಲೆನಿಯಂ ಯೀಸ್ಟ್, ಸೋಡಿಯಂ ಸೆಲೆನೈಟ್ ಇವು ಸಾಮಾನ್ಯ ರೂಪಗಳು. ಸೋಡಿಯಂ ಸೆಲೆನೈಟಿನ ತೂಕದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಾತ್ರ ಸೆಲೆನಿಯಂ. ಹೀಗಾಗಿ ಚೀಟಿಯಲ್ಲಿ ಕೊಟ್ಟ ಅಂಕಿ ಸಂಯುಕ್ತದ್ದೋ, ಅದರೊಳಗಿನ ಸೆಲೆನಿಯಂದೋ ಎಂದು ಸ್ಪಷ್ಟಪಡಿಸಿಕೊಳ್ಳಿ. ಔಷಧಿ ಅಂಗಡಿಯವರಲ್ಲಿ ಕೇಳಿದರೆ ಹೇಳುತ್ತಾರೆ.

ಕೊನೆಯದಾಗಿ ಕೂಡಿಸುವ ಕೆಲಸ. ಒಂದೇ ಮನೆಯಲ್ಲಿ ಒಬ್ಬರೇ ಮಲ್ಟಿವಿಟಮಿನ್ ಗುಳಿಗೆಯನ್ನೂ, ಕೂದಲು ಉದುರುವುದಕ್ಕೆಂದು ಇನ್ನೊಂದನ್ನೂ, ಕಣ್ಣಿಗೆಂದು ಮತ್ತೊಂದನ್ನೂ ತೆಗೆದುಕೊಳ್ಳುತ್ತಿರುವುದು ಅಪರೂಪವಲ್ಲ, ಮತ್ತು ಮೂರರಲ್ಲೂ ಸೆಲೆನಿಯಂ ಇರಬಹುದು. ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಒಟ್ಟು ಮೊತ್ತವನ್ನು ಒಂದು ಕಾಗದದಲ್ಲಿ ಬರೆಯಿರಿ. ವಯಸ್ಕರಿಗೆ ಆಹಾರವೂ ಸೇರಿ ದಿನಕ್ಕೆ 400 ಮೈಕ್ರೋಗ್ರಾಂ ಮೀರಬಾರದು ಎಂದು ಅಮೆರಿಕದಲ್ಲಿ ಮಿತಿ ಹಾಕಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅಲ್ಲಿನ ಮಿತಿಯನ್ನು 255 ಎಂದು ನಿಗದಿಪಡಿಸಿತು. ಮಿತಿ ಮೀರಿದಾಗ ಮೊದಲು ಕಾಣುವುದು ಕೂದಲು ಉದುರುವುದು ಮತ್ತು ಉಗುರು ಪೆಡಸಾಗಿ ಒಡೆಯುವುದು. ಕೂದಲಿಗೆಂದು ನುಂಗಿದ್ದೇ ಕೂದಲನ್ನು ಉದುರಿಸಬಲ್ಲದು. 2008ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಒಂದು ದ್ರವರೂಪದ ಪೋಷಕಾಂಶದಲ್ಲಿ ಚೀಟಿಯಲ್ಲಿ ಬರೆದಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಸೇರಿಹೋಗಿ, 201 ಜನ ಹೀಗೆ ತೊಂದರೆಗೊಳಗಾದರು. ಚೀಟಿ ಸರಿಯಿದ್ದರೂ ಒಳಗಿನದು ಸರಿಯಿರಬೇಕೆಂದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ನೂರು ಗ್ರಾಂ ಬೂತಾಯಿ ಅಥವಾ ಬಂಗುಡೆಯಲ್ಲಿ ಸುಮಾರು 40ರಿಂದ 50 ಮೈಕ್ರೋಗ್ರಾಂ, ಒಂದು ಮೊಟ್ಟೆಯಲ್ಲಿ ಸುಮಾರು 15 ಮೈಕ್ರೋಗ್ರಾಂ ಇರುತ್ತದೆ. ಮೀನು ತಿನ್ನುವ ಕರಾವಳಿಯವರಿಗೆ ಕೊರತೆಯ ಚಿಂತೆ ಬೇಡ. ಸಸ್ಯಾಹಾರಿಗಳಿಗೆ ಅಕ್ಕಿ, ಗೋಧಿ, ಬೇಳೆಕಾಳು, ಹಾಲುಗಳಿಂದ ಅದು ದೊರೆಯುತ್ತದೆ, ಆದರೆ ಧಾನ್ಯದಲ್ಲಿನ ಪ್ರಮಾಣ ಅದು ಬೆಳೆದ ಮಣ್ಣನ್ನು ಅವಲಂಬಿಸಿದೆ. ಸಂದೇಹವಿದ್ದರೆ ವೈದ್ಯರ ಸಲಹೆಯಂತೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು. ಮಳೆಗಾಲದಲ್ಲಿ ಬೆನ್ನು, ಕುತ್ತಿಗೆಯ ಮೇಲೆ ಬರುವ ಚಿಬ್ಬಿಗೆ ವೈದ್ಯರು ಬರೆದುಕೊಡುವ ಸೆಲೆನಿಯಂ ಸಲ್ಫೈಡ್ ಲೋಷನ್ ಬೇರೆಯೇ ವಸ್ತು. ಅದು ಶಿಲೀಂಧ್ರದ ಔಷಧಿ, ಇಲ್ಲಿನ ಚರ್ಚೆಗೂ ಅದಕ್ಕೂ ಸಂಬಂಧವಿಲ್ಲ.

ತಾಮ್ರದ ಬಗ್ಗೆ ಕೇಳುವವರಿಗೆ

ಇದೇ ರೀತಿಯ ಪರಿಶೀಲನೆಯನ್ನು ತಾಮ್ರಕ್ಕೂ ಅನ್ವಯಿಸಿ ನೋಡಬಹುದು, ಏಕೆಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ಸಿಂಪಡಿಸುವ ನಮ್ಮ ಕಡೆಯಲ್ಲಿ ಅದಕ್ಕೆ ಬೇಕಾದ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮುಟ್ಟದ ಕೃಷಿಕರಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅನೇಕ ಮೆಲನೋಮಗಳಲ್ಲಿ ಕಾಣುವ ಬ್ರಾಫ್ ಎಂಬ ಜೀನಿನ ದೋಷದಿಂದ ಹುಟ್ಟುವ ಬೆಳವಣಿಗೆಯ ಸಂದೇಶವನ್ನು ಮುಂದೆ ಸಾಗಿಸುವ ಕಿಣ್ವಕ್ಕೆ ತಾಮ್ರ ಬೇಕು. ದೇಹದಲ್ಲಿ ತಾಮ್ರ ತುಂಬಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲಿ ಅದನ್ನು ತೆಗೆಯಲು ಬಳಸುವ ಔಷಧಿ ಕೊಟ್ಟಾಗ ಇಲಿಗಳಲ್ಲಿ ಅಂತಹ ಗಡ್ಡೆಗಳ ಬೆಳವಣಿಗೆ ಕುಂಠಿತವಾಯಿತು. ಯಾರಲ್ಲಿ ಎಂದು ಕೇಳಿದರೆ ಇಲಿಗಳಲ್ಲಿ. ಯಾವ ಕ್ಯಾನ್ಸರ್ ಎಂದು ಕೇಳಿದರೆ ಒಂದು ನಿರ್ದಿಷ್ಟ ದೋಷವಿರುವವು. ಮತ್ತು ಅಂಗಾಲಿನ ಮೆಲನೋಮದಲ್ಲಿ ಆ ದೋಷ ಕಡಿಮೆ. ಕೋಶದೊಳಗಿನ ತಾಮ್ರವನ್ನು ಔಷಧಿಯಿಂದ ಇಳಿಸುವುದಕ್ಕೂ, ತಾಮ್ರದ ತಂಬಿಗೆಯ ನೀರು ಕುಡಿಯುವುದಕ್ಕೂ, ಅಂಗಿಯ ಮೇಲೆ ಮೈಲುತುತ್ತಿನ ನೀಲಿ ಕಲೆ ಬೀಳುವುದಕ್ಕೂ ನೇರವಾದ ನಂಟು ಕಟ್ಟಲು ಈ ಅಧ್ಯಯನ ಎಡೆಗೊಡುವುದಿಲ್ಲ. ಮೈಲುತುತ್ತು ಕಣ್ಣು, ಚರ್ಮಗಳನ್ನು ಕೆರಳಿಸುವುದರಿಂದ ಕೈಗವಸು ಹಾಕಿಕೊಳ್ಳಬೇಕಾದದ್ದು ಸರಿಯೇ, ಆದರೆ ಅದು ಬೇರೆ ಮಾತು.

ಈಗಾಗಲೇ ತೆಗೆದುಕೊಳ್ಳುತ್ತಿರುವವರು ಮತ್ತು ಮಚ್ಚೆಯ ಸಂದೇಹ ಇರುವವರು

ವೈದ್ಯರು ಹೇಳದೆ ತಾವಾಗಿಯೇ ಸೆಲೆನಿಯಂ ಆರಂಭಿಸಿದವರು ಅದನ್ನು ನಿಲ್ಲಿಸಬಹುದು. ಹಂತಹಂತವಾಗಿ ಬಿಡಬೇಕಾದ ಔಷಧಿ ಅದಲ್ಲ. ಉಸಿರಿನಲ್ಲಿ ಬೆಳ್ಳುಳ್ಳಿಯಂತಹ ವಾಸನೆ, ಬಾಯಲ್ಲಿ ಲೋಹದ ರುಚಿ, ಕೂದಲು ಉದುರುವುದು, ಉಗುರಿನಲ್ಲಿ ಬಿಳಿ ಗೆರೆಗಳು ಕಂಡರೆ ಡಬ್ಬಿಯನ್ನೇ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಬೇಕು. ಕಿಮೋ ಅಥವಾ ವಿಕಿರಣ ಚಿಕಿತ್ಸೆಯಲ್ಲಿರುವವರು ಏನನ್ನು ನುಂಗುತ್ತಿದ್ದರೂ ಮುಚ್ಚಿಡದೆ ಹೇಳಬೇಕು. ಬೈಯುತ್ತಾರೆಂದು ಹೇಳದೆ ಉಳಿಯುವವರೇ ಹೆಚ್ಚು.

ಗುಳಿಗೆಗೆ ಖರ್ಚು ಮಾಡುವ ಗಮನವನ್ನು ಅಂಗಾಲಿಗೆ ಕೊಟ್ಟರೆ ಹೆಚ್ಚು ಫಲವಿದೆ. ತೋಟದಿಂದ ಬಂದು ಕಾಲು ತೊಳೆದ ಮೇಲೆ, ತಿಂಗಳಿಗೊಮ್ಮೆಯಾದರೂ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ಹಗಲು ಬೆಳಕಿನಲ್ಲಿ ನೋಡಬೇಕು; ಬಗ್ಗಲಾಗದ ಹಿರಿಯರಿಗೆ ಮನೆಯವರು ನೋಡಿಕೊಡಬೇಕು. ಗೇರುಬೀಜದ ಸೊನೆ ತಾಗಿ ಕಪ್ಪಾದ ಚರ್ಮ ಕೆಲವು ದಿನಗಳಲ್ಲಿ ಸಿಪ್ಪೆಯೆದ್ದು ಹೋಗುತ್ತದೆ. ಎಡವಿ ಉಗುರಿನ ಅಡಿ ಹೆಪ್ಪುಗಟ್ಟಿದ ರಕ್ತ ಉಗುರು ಬೆಳೆದಂತೆ ಮುಂದಕ್ಕೆ ಸರಿಯುತ್ತದೆ. ಹಾಗೆ ಹೋಗದೆ ಹಿಗ್ಗುತ್ತಿರುವ, ಅಂಚು ಸಮವಿಲ್ಲದ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣವಿರುವ ಕಪ್ಪು ಕಲೆ, ಉಗುರಿನ ಉದ್ದಕ್ಕೂ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಅಥವಾ ಬುಡದ ಚರ್ಮಕ್ಕೂ ಹಬ್ಬಿದ ಕಪ್ಪು ಪಟ್ಟಿ, ಮುಟ್ಟಿದರೆ ರಕ್ತ ಬರುವ ಗಂಟು, ವಾರಗಟ್ಟಲೆ ಮಾಯದ ಹುಣ್ಣು ಇವುಗಳಲ್ಲಿ ಯಾವುದು ಕಂಡರೂ ಚರ್ಮರೋಗ ತಜ್ಞರಿಗೆ ತೋರಿಸಬೇಕು. ಅದರ ಮೇಲೆ ಸುಣ್ಣ ಹಚ್ಚಿ ಸುಡುವುದು, ಬ್ಲೇಡಿನಿಂದ ಕೆರೆಯುವುದು, ಕಾಲು ಒಡಕಿಗೆ ಹಚ್ಚುವಂತೆ ಗೇರೆಣ್ಣೆ ಹಾಕುವುದು ಇವು ಮೂರೂ ಮಚ್ಚೆಯ ರೂಪ ಕೆಡಿಸಿ, ತಜ್ಞರಿಗೂ ಗುರುತು ಹತ್ತದಂತೆ ಮಾಡುತ್ತವೆ.

ಕಾಯಿಲೆ ಯಾವುದೆಂದು ತೀರ್ಮಾನವಾಗುವುದು ಬಯಾಪ್ಸಿಯಿಂದ, ಅಂದರೆ ಆ ಭಾಗದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದರಿಂದ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂಬ ಹೆದರಿಕೆಗೆ ಮಣಿದು ತಡಮಾಡಬಾರದು. ನಮ್ಮಲ್ಲಿ ಬಯಾಪ್ಸಿಯನ್ನು ಕಾಸರಗೋಡಿನಲ್ಲಿ ಮಾಡಿಸಿ, ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೋ, ತೆಂಕಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುವುದು ರೂಢಿ. ಹಾಗೆ ಹೋಗುವಾಗ ವರದಿಯ ಕಾಗದ ಮಾತ್ರ ಸಾಲದು. ಪ್ರಯೋಗಾಲಯದಿಂದ ಗಾಜಿನ ಸ್ಲೈಡುಗಳನ್ನೂ, ಮೇಣದಲ್ಲಿ ಹುದುಗಿಸಿಟ್ಟ ಚೂರನ್ನೂ, ಅಂದರೆ ಪ್ಯಾರಾಫಿನ್ ಬ್ಲಾಕನ್ನೂ ಕೇಳಿ ಪಡೆದುಕೊಂಡು ಹೋಗಬೇಕು. ಎರಡನೆಯ ಆಸ್ಪತ್ರೆಯವರು ಅದನ್ನು ತಾವೇ ಮತ್ತೊಮ್ಮೆ ನೋಡುತ್ತಾರೆ, ಬ್ರಾಫ್‌ನಂತಹ ಜೀನ್ ಪರೀಕ್ಷೆ ಬೇಕಾದರೆ ಅದೇ ಬ್ಲಾಕಿನಿಂದ ಮಾಡಿಸುತ್ತಾರೆ. ನುಂಗುತ್ತಿರುವ ಗುಳಿಗೆಗಳ ಒಟ್ಟು ಲೆಕ್ಕ ಬರೆದ ಕಾಗದವನ್ನೂ ಅದೇ ಲಕೋಟೆಯಲ್ಲಿಟ್ಟುಕೊಳ್ಳಿ.